ಒಂದು ಬಕೆಟ್ ನೀರು, ಒಂದು ಹಳೇ ಇಂಜಿನ್

ಬಕೆಟ್ಟಿನ ನೀರನ್ನೆಲ್ಲ ಎರಚಿ ಮುಗಿದ ಮೇಲೆಯೇ ಅವಳಿಗೆ ಗೊತ್ತಾದದ್ದು, ಅಲ್ಲಿ ಬೆಂಕಿ ಎನ್ನುವುದು ಇರಲೇ ಇಲ್ಲ ಎಂದು.

ಇದ್ದದ್ದು ಹೊಗೆ. ಬೆಳ್ಳಗಿನ, ದಟ್ಟನೆಯ, ಯಾಕೋ ಒಂದಿಷ್ಟು ಸಿಹಿ ವಾಸನೆಯ ಹೊಗೆ. ಅದರ ನಡುವೆ ಬಾನೆಟ್ ಎತ್ತಿದ ಹಳೇ ಹಸಿರು ಕಾರು. ಕಾರಿನ ಮುಂದೆ ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿ ನಿಂತ ಒಬ್ಬ ಮನುಷ್ಯ. ಅವನ ಕೈಯಲ್ಲಿದ್ದ ಸ್ಪ್ಯಾನರಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಬೆಂಕಿ ಅಂದ್ಕೊಂಡೆ," ಅಂದಳು ಅವಳು, ಖಾಲಿ ನೀಲಿ ಬಕೆಟ್ಟನ್ನು ಬೆನ್ನ ಹಿಂದೆ ಅಡಗಿಸುತ್ತ. ಅಷ್ಟು ದೊಡ್ಡ ಬಕೆಟ್ಟು ಅಷ್ಟು ಚಿಕ್ಕ ಬೆನ್ನಿನ ಹಿಂದೆ ಅಡಗುವಂತಿರಲಿಲ್ಲ.

ಅವನು ಕಣ್ಣು ಒರೆಸಿಕೊಂಡ. "ಇವತ್ತು ಸ್ನಾನ ಆಗಿರ್ಲಿಲ್ಲ. ಒಳ್ಳೇದೇ ಆಯ್ತು ಬಿಡಿ."

ಅವನು ಮಹಡಿಯ ಬಾಡಿಗೆದಾರ. ಸೇತುವೆಗಳನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಎಲ್ಲಿ ಟೊಳ್ಳಾಗಿದೆ ಎಂದು ಹೇಳುವ ಇನ್ಸ್‌ಪೆಕ್ಟರ್. ಮನೆ ಅವಳ ದೊಡ್ಡಮ್ಮನದು; ದೊಡ್ಡಮ್ಮ ಅವನನ್ನು "ಮಹಡಿಯವನು" ಎಂದೇ ಕರೆಯುತ್ತಿದ್ದಳಾದ್ದರಿಂದ ಅವಳಿಗೂ ಅವನು ಮಹಡಿಯವನೇ. ಅವನು ಬಂದು ಎರಡು ತಿಂಗಳಾಗಿದ್ದರೂ ಅವರಿಬ್ಬರ ನಡುವೆ ಆಗಿದ್ದ ಮಾತೆಂದರೆ "ನಮಸ್ಕಾರ", "ಟ್ಯಾಂಕಿಗೆ ನೀರು ಬಿಡ್ಲಾ", ಅಷ್ಟೇ. ಅವಳು ಹಲ್ಲಿನ ಡಾಕ್ಟರು. ಬೀದಿಯ ಕೊನೆಗೇ ಅವಳ ಕ್ಲಿನಿಕ್ಕು. ದಿನವಿಡೀ ಜನರ ಬಾಯಿ ಬಿಡಿಸಿ ಬಿಡಿಸಿ, ಮನೆಗೆ ಬಂದ ಮೇಲೆ ಯಾರ ಬಾಯನ್ನೂ ನೋಡುವ ಆಸೆ ಅವಳಿಗೆ ಉಳಿಯುತ್ತಿರಲಿಲ್ಲ.

ಆದರೆ ಅವಳಿಗೆ ಬಿಸಿ ಮತ್ತು ತಣ್ಣನೆಯದರ ವಿಷಯ ಗೊತ್ತು. ಬಿಸಿ ಕಾಫಿಯ ಬೆನ್ನಿಗೇ ಐಸ್‌ಕ್ರೀಮು ತಿಂದು ಹಲ್ಲು ಸೀಳಿಸಿಕೊಂಡು ಬರುವವರನ್ನು ಅವಳು ದಿನಾ ಕಾಣುತ್ತಿದ್ದಳು.

"ಕಾದಿರೋ ಇಂಜಿನ್ ಮೇಲೆ ತಣ್ಣೀರು ಬಿದ್ರೆ ಏನಾಗುತ್ತೆ?" ಎಂದು ಕೇಳಿದಳು, ಉತ್ತರ ಗೊತ್ತಿದ್ದವಳ ದನಿಯಲ್ಲಿ.

ಅವನು ಇಂಜಿನ್ ನೋಡಿದ. ಬಕೆಟ್ ನೋಡಿದ. ಆಮೇಲೆ ಅವಳನ್ನು ನೋಡಿದ. ಈ ಮೂರನೆಯ ನೋಟ ಬೇಕಾದದ್ದಕ್ಕಿಂತ ಸ್ವಲ್ಪ ಉದ್ದವೇ ಆಯಿತು. ಆಮೇಲೆ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ಅವಳ ಮುಂದೆ ಹಿಡಿದ. ಕಪ್ಪಗಿರಬೇಕಾದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

"ನೀರಂತೂ ಒಳಗೆ ಸೇರಿದೆ," ಅಂದ. "ಹೆಡ್ ಗ್ಯಾಸ್ಕೆಟ್ ಹೋಗಿದೆ. ಇಂಜಿನ್ನಿನ ತಲೆ ಪೂರ್ತಿ ಬಿಚ್ಚಬೇಕು."

"ಹೆಡ್ ಗ್ಯಾಸ್ಕೆಟ್ ಅಂದ್ರೆ?"

"ಇಂಜಿನ್ನಿನ ಕೆಳಗಿನ ಭಾಗಕ್ಕೂ ಮೇಲಿನ ಹೆಡ್ಡಿಗೂ ನಡುವೆ ಒಂದು ತೆಳ್ಳನೆ ಹಾಳೆ ಇರುತ್ತೆ. ಒಳಗೆ ಬೆಂಕಿ, ನೀರು, ಎಣ್ಣೆ ಮೂರೂ ಓಡಾಡ್ತವೆ. ಒಂದು ಇನ್ನೊಂದರ ಕೋಣೆಗೆ ನುಗ್ಗದ ಹಾಗೆ ನೋಡ್ಕೊಳ್ಳೋದು ಅದರ ಕೆಲಸ."

"ನಮ್ಮತ್ತೆ ಮಾಡ್ತಿದ್ದ ಕೆಲಸ," ಅಂದಳು ಜಗಲಿಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದ ದೊಡ್ಡಮ್ಮ. "ಅವರು ಹೋದ ಮೇಲೇ ಈ ಮನೇಲಿ ಹೊಗೆ ಎದ್ದದ್ದು."

ಡಾಕ್ಟರು ನಗಲಿಲ್ಲ. ಅವಳಿಗೆ ಅಳು ಬರುವಂತಾಗಿತ್ತು. ಮಹಡಿಯವನಿಗೆ ಗುಡ್ಡದ ಮೇಲಿನ ಊರಿಗೆ ವರ್ಗವಾಗಿದೆ, ಮುಂದಿನ ತಿಂಗಳ ಕೊನೆಗೆ ಹೊರಡುತ್ತಾನೆ, ಅಲ್ಲಿನ ಸೇತುವೆಗಳ ಹತ್ತಿರಕ್ಕೆ ಬಸ್ಸೂ ಹೋಗುವುದಿಲ್ಲವಾದ್ದರಿಂದ ಹುಡುಕಿ ಹುಡುಕಿ ಈ ಕಾರು ಕೊಂಡಿದ್ದಾನೆ ಎಂದು ಹಿಂದಿನ ದಿನವಷ್ಟೇ ದೊಡ್ಡಮ್ಮ ಹೇಳಿದ್ದಳು.

"ನಾನೂ ಕೆಲಸಕ್ಕೆ ಬರ್ತೀನಿ," ಅಂದಳು. "ಕೆಡಿಸಿದೋಳು ಕೈ ಕಟ್ಕೊಂಡು ಕೂರೋದು ಸರಿಯಲ್ಲ. ಕ್ಲಿನಿಕ್ ಮುಗಿದ ಮೇಲೆ, ದಿನಾ."

"ದಿನಾ?" ಎಂದು ಕೇಳಿದ ಅವನು. ಅವನ ಹುಬ್ಬಿನ ಮೇಲೆ ಇನ್ನೂ ಒಂದು ಹನಿ ನಿಂತಿತ್ತು.

"ದಿನಾ."

"ಹಾಗಾದ್ರೆ ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಡಾಕ್ಟ್ರೇ."

ಹೀಗೆ ಶುರುವಾಯಿತು. ಮೊದಲ ಸಂಜೆ ಅವಳು, ಜಗಲಿಯ ಎದುರಿಗೆ ಕಾರು ನಿಂತಿದ್ದ ಶೆಡ್ಡಿನ ಮೂಲೆಯಲ್ಲಿ ಟಾರ್ಚ್ ಹಿಡಿಯುವ ಕೆಲಸಕ್ಕೆ ನಿಂತಳು. ಮರುದಿನ ಟಾರ್ಚನ್ನು ಬಿಸಾಕಿ, ಕ್ಲಿನಿಕ್ಕಿನಲ್ಲಿ ಹಣೆಗೆ ಕಟ್ಟಿಕೊಳ್ಳುವ ದೀಪ ತಂದಳು. ಮೂರನೆಯ ಸಂಜೆ ಇಂಜಿನ್ನಿನ ಹಿಂಬದಿಯ ಒಂದು ಬೋಲ್ಟು ಕಣ್ಣಿಗೂ ಕೈಗೂ ಸಿಗದೆ ಅವನು ಬೆವರುತ್ತ ಗೊಣಗುತ್ತಿದ್ದಾಗ, ಅವಳು ಚೀಲದಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದಳು. ಬುದ್ಧಿಹಲ್ಲು ನೋಡುವ ಕನ್ನಡಿ.

"ಸ್ವಲ್ಪ ಪಕ್ಕಕ್ಕೆ ಸರೀರಿ," ಅಂದಳು. "ಹಿಂದಿನ ದವಡೆ ನನ್ನ ಇಲಾಖೆ."

ಕನ್ನಡಿ ತೂರಿಸಿ, ಬೋಲ್ಟಿನ ತಲೆ ಹುಡುಕಿ, ಅವಳು ಸ್ಪ್ಯಾನರು ಕೂರಿಸಿದ ರೀತಿಗೆ ಅವನು ಬಾಯಿ ತೆರೆದುಕೊಂಡೇ ನಿಂತ.

"ಮೇಲಿನ ಸಾಲಿನಲ್ಲಿ ಒಂದು ಹುಳುಕು ಇದೆ," ಅಂದಳು ಅವಳು, ಕನ್ನಡಿಯನ್ನು ಅವನ ಕಡೆ ತಿರುಗಿಸದೆಯೇ.

ಅವನು ಟಪ್ಪನೆ ಬಾಯಿ ಮುಚ್ಚಿದ. ಜಗಲಿಯಲ್ಲಿ ಬಟಾಣಿ ಬಿಡಿಸುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಹೆಡ್ ಮೇಲೆದ್ದ ಸಂಜೆ ಇಬ್ಬರೂ ಅದನ್ನು ತೊಟ್ಟಿಲ ಮಗುವಿನಂತೆ ಎರಡು ಕಡೆಯಿಂದ ಹಿಡಿದು ಮೇಜಿನ ಮೇಲೆ ಮಲಗಿಸಿದರು. ಹಳೇ ಗ್ಯಾಸ್ಕೆಟ್ಟಿನ ಚೂರುಗಳು ಅಲ್ಯೂಮಿನಿಯಂಗೆ ಅಂಟಿಕೊಂಡಿದ್ದವು. ಅವನು ಕೆರೆಯತೊಡಗಿದ ಕೂಡಲೇ ಅವಳು ಕೈ ಹಿಡಿದು ನಿಲ್ಲಿಸಿದಳು.

"ಸೇತುವೆ ತಟ್ಟೋ ಹಾಗೆ ತಟ್ತಾ ಇದೀರಿ. ಗೀರು ಬಿದ್ರೆ ಮತ್ತೆ ಸೋರುತ್ತೆ ಅಂತ ನೀವೇ ಹೇಳಿದ್ದು. ಹೀಗೆ, ಮೆಲ್ಲಗೆ, ಒಸಡಿಗೆ ನೋವಾಗದ ಹಾಗೆ."

ಹಿಡಿದ ಕೈಯನ್ನು ಬಿಡಬೇಕು ಎನ್ನುವುದು ಅವಳಿಗೆ ಸ್ವಲ್ಪ ತಡವಾಗಿ ನೆನಪಾಯಿತು. ಅವನಿಗೆ ನೆನಪೇ ಆಗಲಿಲ್ಲ.

ಸ್ವಲ್ಪ ಸೊಟ್ಟಗಾಗಿದ್ದ ಹೆಡ್ಡನ್ನು ಮಟ್ಟಸ ಮಾಡಿಸಲು ಲೇತ್ ಅಂಗಡಿಗೆ ಒಯ್ದವಳು ಅವಳೇ. ಅಂಗಡಿ ಕ್ಲಿನಿಕ್ಕಿಗೆ ಹತ್ತಿರ, ಅವನು ಆ ದಿನ ಯಾವುದೋ ಸೇತುವೆಯ ಕೆಳಗೆ. ಲೇತಿನ ಮುದುಕ ಹಳೇ ಗ್ಯಾಸ್ಕೆಟ್ ಎತ್ತಿ ಬೆಳಕಿಗೆ ಹಿಡಿದು, ಎರಡು ಸಿಲಿಂಡರಿನ ನಡುವೆ ಸುಟ್ಟು ಕರಿಕಟ್ಟಿದ್ದ ಜಾಗ ತೋರಿಸಿದ.

"ಇದನ್ನ ಇಷ್ಟು ದಿನ ಹೇಗಮ್ಮ ಓಡಿಸಿದ್ರಿ? ಮಸಿ ನೋಡಿ ಹೇಗೆ ಗಟ್ಟಿ ಕಟ್ಟಿದೆ. ಹೋಗಿ ತಿಂಗಳುಗಟ್ಟಲೆ ಆಗಿದೆ."

ಅವಳೂ ಬಗ್ಗಿ ಆ ಜಾಗ ನೋಡಿದಳು. "ಬಕೆಟ್ಟಲ್ಲಿ ತಣ್ಣೀರು ಎರಚಿದ್ರೆ ಹೀಗಾಗಲ್ವಾ?"

"ಬಕೆಟ್ ನೀರಿಗೆ ಮೇಲಿನ ಧೂಳು ಹೋಗುತ್ತೆ ತಾಯಿ, ಗ್ಯಾಸ್ಕೆಟ್ ಹೋಗಲ್ಲ. ಆ ಬಿಳಿ ಹೊಗೆ ಬರ್ತಿತ್ತಲ್ಲ, ಅದೇ ಇದರ ಗುರುತು."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಅಂದರೆ ಹೊಗೆ ಮೊದಲು, ಬಕೆಟ್ಟು ಆಮೇಲೆ. ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡಳು. ಅವನಿಗಾದರೂ ಹೊಳೆದಿರಲಿಲ್ಲವೇ? ಕಾಂಕ್ರೀಟಿನೊಳಗಿನ ಬಿರುಕನ್ನು ಹೊರಗಿನಿಂದಲೇ ಕೇಳಿಸಿಕೊಳ್ಳುವ ಮನುಷ್ಯನಿಗೆ?

ಹೊಳೆದಿತ್ತು ಎಂದಾದರೆ ಅವನು ಯಾಕೆ ಸುಮ್ಮನಿದ್ದ?

ಈ ಪ್ರಶ್ನೆಯ ಉತ್ತರ ಅವಳ ಕಿವಿಗಳನ್ನು ಬೆಚ್ಚಗೆ ಮಾಡಿತು. ಹೆಡ್ಡನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಅವಳು ಒಬ್ಬಳೇ ನಗುತ್ತಿದ್ದಳು. ಡ್ರೈವರು ಕನ್ನಡಿಯಲ್ಲಿ ಎರಡು ಸಲ ನೋಡಿದ. ಅವಳು ಒಂದು ನಿರ್ಧಾರ ಮಾಡಿದ್ದಳು: ಹೇಳುವುದಿಲ್ಲ. ತಪ್ಪು ತನ್ನದಲ್ಲ ಎಂದು ಬಾಯಿ ಬಿಟ್ಟರೆ ನಾಳೆಯಿಂದ ಶೆಡ್ಡಿಗೆ ಹೋಗಲು ಯಾವ ನೆಪವಿದೆ? ಅಪರಾಧಿಯಾಗಿರುವುದೇ ಸುಖವಾಗಿತ್ತು.

ಆ ವಾರ ವಾಲ್ವುಗಳನ್ನು ಉಜ್ಜುವ ಕೆಲಸ. ಕಡ್ಡಿಯ ತುದಿಗೆ ರಬ್ಬರಿನ ಬಟ್ಟಲು, ಅದನ್ನು ವಾಲ್ವಿಗೆ ಅಂಟಿಸಿ, ಪೇಸ್ಟ್ ಹಚ್ಚಿ, ಎರಡು ಅಂಗೈ ನಡುವೆ ಕಡಗೋಲಿನ ಹಾಗೆ ತಿರುಗಿಸಬೇಕು. ಒರಟು ಸದ್ದು ನುಣುಪಾಗುವವರೆಗೆ. ಅವರು ಎದುರು ಬದುರು ಕೂತು ತಿರುಗಿಸಿದರು. ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ತುಂಬಾ ಹಳೆಯ ಸೇತುವೆಯ ಕೆಳಗೆ ನಿಂತರೆ ಮೇಲೆ ಹೋಗುವ ಲಾರಿ ಎದೆಯೊಳಗೇ ಹೋದಂತಾಗುತ್ತದೆ ಎಂದು ಅವನು ಹೇಳಿದ. ಹಲ್ಲು ಕೀಳಿಸಿಕೊಳ್ಳುವಾಗ ಎಂಥ ದೊಡ್ಡ ಗಂಡಸೂ ತನ್ನ ಅಮ್ಮನ ಹೆಸರನ್ನೇ ಹೇಳುತ್ತಾನೆ ಎಂದು ಅವಳು ಹೇಳಿದಳು.

"ಡಾಕ್ಟ್ರೇ, ಇಲ್ಲಿ ಮಸಿ," ಎಂದು ಅವನು ತನ್ನ ಬಲಗೆನ್ನೆ ಮುಟ್ಟಿ ತೋರಿಸಿದ.

ಅವಳು ತನ್ನ ಬಲಗೆನ್ನೆ ಒರೆಸಿಕೊಂಡಳು. "ಹೋಯ್ತಾ?"

"ಇಲ್ಲ. ಈಗ ಎರಡೂ ಕಡೆ ಆಯ್ತು."

ಅವನು ಹಲ್ಲಿನ ಕನ್ನಡಿ ಎತ್ತಿ ಅವಳ ಮುಖದ ಮುಂದೆ ಹಿಡಿದ. ಅಷ್ಟು ಪುಟ್ಟ ಕನ್ನಡಿಯಲ್ಲಿ ಅವಳಿಗೆ ಕಂಡದ್ದು ಮಸಿಯಲ್ಲ, ಕನ್ನಡಿಯ ಅಂಚಿನಾಚೆ ನಗು ತಡೆಯುತ್ತಿದ್ದ ಅವನ ಬಾಯಿ. ಅವಳು ಮಸಿಯನ್ನು ಹಾಗೇ ಬಿಟ್ಟಳು. ಆ ರಾತ್ರಿ ಊಟಕ್ಕೆ ಕೂತಾಗ ದೊಡ್ಡಮ್ಮ ಅವಳ ಎರಡು ಕೆನ್ನೆಗಳನ್ನೂ ನೋಡಿ, ಕಂಡೂ ಕಾಣದವಳ ಹಾಗೆ ಅನ್ನ ಬಡಿಸಿದಳು.

ಎಲ್ಲ ಸರಿ, ಆದರೆ ದಿನಗಳು ಓಡುತ್ತಿದ್ದವು. ಹೊಸ ಬೆಲ್ಟು, ಹೊಸ ಪೈಪುಗಳು, ಹೊಸ ಪ್ಲಗ್ಗುಗಳು ಬಂದು ಮೇಜಿನ ಮೇಲೆ ಸಾಲಾಗಿ ಕೂತವು. ಪ್ರತಿಯೊಂದು ಭಾಗ ತನ್ನ ಜಾಗಕ್ಕೆ ಹೋಗಿ ಕೂತ ಹಾಗೆ ಅವಳ ಎದೆಯಲ್ಲಿ ಒಂದು ಸಂಕಟ. ಕಾರು ರೆಡಿಯಾದ ದಿನ ಅವನು ಹೊರಡುತ್ತಾನೆ. ಅವನನ್ನು ಕಳಿಸುವ ಕೆಲಸವನ್ನು ಅವಳೇ ತನ್ನ ಕೈಯಾರೆ ಮಾಡುತ್ತಿದ್ದಳು, ಅದೂ ಇಷ್ಟು ಅಚ್ಚುಕಟ್ಟಾಗಿ. ಒಂದು ಮಾತು ಆಡಬಾರದೇ ಈ ಮನುಷ್ಯ? ಊರೆಲ್ಲರ ಬಾಯಿ ಬಿಡಿಸುವ ಅವಳಿಗೆ ಇವನೊಬ್ಬನ ಬಾಯಿ ಬಿಡಿಸಲು ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೆಡ್ ಕೂರಿಸಿದರು. ಹೊಸ ಗ್ಯಾಸ್ಕೆಟ್, ಅದರ ಮೇಲೆ ಹೆಡ್, ಎರಡು ಸಾಲಿನಲ್ಲಿ ಹೊಸ ಬೋಲ್ಟುಗಳು.

"ಮಧ್ಯದಿಂದ ಶುರು ಮಾಡಿ ಅಂಚಿಗೆ ಹೋಗಬೇಕು," ಎಂದು ಅವನು ಹಿಂದಿನ ದಿನವೇ ಹತ್ತು ಸಲ ಹೇಳಿದ್ದ. "ಇಲ್ಲಾಂದ್ರೆ ಗ್ಯಾಸ್ಕೆಟ್ ಸರಿಯಾಗಿ ಕೂರಲ್ಲ. ಬಿಗಿಯೋ ಕ್ರಮದಲ್ಲೇ ಹೆಡ್ಡಿನ ಮೇಲೆ ಒಂದೊಂದು ಬೋಲ್ಟಿನ ತೂತಿನ ಪಕ್ಕಕ್ಕೂ ನಂಬರ್ ಚೀಟಿ ಅಂಟಿಸಿಡಿ."

ಅವಳು ಅಂಟಿಸಿದ್ದಳು. ಈಗ ಅವಳು ನಂಬರ್ ಕೂಗುವುದು, ಅವನು ರೆಂಚ್ ತಿರುಗಿಸುವುದು. ಬೇಕಾದಷ್ಟು ಬಿಗಿಯಾದ ಕೂಡಲೇ ರೆಂಚ್ ಟಕ್ ಎನ್ನುತ್ತಿತ್ತು. "ಒಂದು." ಟಕ್. "ಎರಡು." ಟಕ್. ಅವಳ ಹಣೆಯ ದೀಪ ಅವನ ಕೈಗಳ ಮೇಲೆ, ಅವನ ಕಣ್ಣು ಬೋಲ್ಟಿನ ಮೇಲಿರಬೇಕಾದದ್ದು ಪ್ರತಿ ಟಕ್ಕಿಗೂ ಅವಳ ಮುಖದ ಮೇಲೆ. ಒಂದು ಸುತ್ತು ಮುಗಿದು ಇನ್ನೊಂದು ಸುತ್ತು, ಆಮೇಲೆ ಕೊನೆಯ ಬಿಗಿತ. ಅಷ್ಟು ಖುಷಿಯ ಕೆಲಸ ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಹಿಂದೆ ಸರಿದು ಸೊಂಟಕ್ಕೆ ಕೈಯಿಟ್ಟು ನೋಡಿದಾಗ ಅವಳ ನಗು ಹಾಗೇ ನಿಂತಿತು.

"ಒಂದನೇ ಚೀಟಿ ಯಾಕೆ ಮೂಲೆಯಲ್ಲಿದೆ?"

ಅವನು ಇಂಜಿನ್ ಕಡೆ ಬಗ್ಗಿದ. "ನೀವು ಅಂಟಿಸಿದ್ದಲ್ವಾ?"

ಅವಳು ನಾಲಗೆ ಕಚ್ಚಿಕೊಂಡಳು. ಹಿಂದಿನ ಸಂಜೆ ಕ್ಲಿನಿಕ್ಕಿನಿಂದ ನೇರ ಬಂದವಳು, ಆಯಾಸದಲ್ಲಿ, ಹಲ್ಲು ಎಣಿಸುವ ಹಾಗೇ ಎಣಿಸಿಬಿಟ್ಟಿದ್ದಳು. ಒಂದು ಬದಿಯ ಹಿಂದಿನ ತುದಿಯಿಂದ ಶುರುಮಾಡಿ, ಮೇಲಿನ ಸಾಲು ಪೂರ್ತಿ ದಾಟಿ, ಕೆಳಗಿನ ಸಾಲಿನಲ್ಲಿ ವಾಪಸ್ಸು. ಮಧ್ಯ ಎನ್ನುವುದು ಅವಳ ಲೆಕ್ಕದಲ್ಲಿ ಬಂದೇ ಇರಲಿಲ್ಲ.

"ನಾನು ಹಲ್ಲಿನ ಲೆಕ್ಕ ಹಾಕಿಬಿಟ್ಟೆ. ಅದು ನನ್ನ ಕರ್ಮ. ನಿನಗೇನಾಗಿತ್ತು? ಮಧ್ಯ, ಮಧ್ಯ ಅಂತ ಜಪ ಮಾಡಿದೋನು ನೀನೇ ತಾನೆ? ಮೂಲೆಗೆ ರೆಂಚ್ ಹಾಕುವಾಗ ಕಣ್ಣು ಎಲ್ಲಿಟ್ಟಿದ್ದೆ?"

ಅಂದ ಮೇಲೆಯೇ ಅವಳಿಗೆ ಕೇಳಿಸಿದ್ದು, ತಾನು ಅವನನ್ನು ನೀನು ಎಂದದ್ದು. ಅವನಿಗೆ ಮೊದಲೇ ಕೇಳಿಸಿತ್ತು. ಅವನ ಮುಖ ಅರಳಿತ್ತು.

"ಬಿಚ್ಚಿ ಮತ್ತೆ ಬಿಗಿದ್ರೆ ಆಯ್ತಲ್ಲ," ಅಂದಳು ಅವಳು, ದನಿ ತಗ್ಗಿಸಿ.

"ಆಗಲ್ಲ. ಈ ಬೋಲ್ಟುಗಳು ಒಂದು ಸಲ ಬಿಗಿದ್ರೆ ಎಳೆದ ಹಾಗೆ ಉದ್ದ ಆಗ್ತವೆ, ಎರಡನೇ ಸಲಕ್ಕೆ ಬರಲ್ಲ. ಗ್ಯಾಸ್ಕೆಟ್ಟೂ ಒಂದು ಸಲ ಅಮುಕಿದ್ರೆ ಮುಗೀತು. ಎಲ್ಲಾ ಹೊಸದು ತರಿಸಬೇಕು. ಒಂದು ವಾರ."

ಇಷ್ಟು ದೊಡ್ಡ ನಷ್ಟದ ಸುದ್ದಿಯನ್ನು ಅವನು ಶಾಲೆಗೆ ರಜಾ ಸಿಕ್ಕಿದವನ ಹಾಗೆ ಹೇಳಿದ. ಆಮೇಲೆ ಫೋನ್ ತೆಗೆದು ಅಲ್ಲೇ ನಿಂತು ಮೇಲಧಿಕಾರಿಗೆ, "ಸರ್, ಗಾಡಿ ಕೈ ಕೊಟ್ಟಿದೆ, ಒಂದು ವಾರ ತಡವಾಗಿ ಬರ್ತೀನಿ," ಅಂದ. ಅವಳು ಬೆನ್ನು ತಿರುಗಿಸಿ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ತನ್ನ ಮುಖ ಅವನಿಗೆ ಕಾಣದಿದ್ದದ್ದೇ ಒಳ್ಳೆಯದಾಯಿತು.

ಆದರೆ ಆ ವಾರವೂ ಮುಗಿಯದೆ ಇರಲಿಲ್ಲ. ಹೊಸ ಬೋಲ್ಟುಗಳು ಬಂದವು, ಈ ಸಲ ಮಧ್ಯದಿಂದಲೇ ಬಿಗಿದದ್ದಾಯಿತು. ಬೆಲ್ಟಿನ ಗುರುತುಗಳನ್ನು ಅವನು ಹೊಂದಿಸಿದ, ಅವಳು ಕನ್ನಡಿ ಹಿಡಿದು ಮತ್ತೆ ನೋಡಿದಳು. ಎಣ್ಣೆ, ನೀರು, ಬ್ಯಾಟರಿ. ಮರುದಿನ ಬೆಳಿಗ್ಗೆ ಹೊರಡಬೇಕು ಎನ್ನುವ ಸಂಜೆ ಕಾರು ಸಿದ್ಧವಾಗಿ ನಿಂತಿತು. ದೊಡ್ಡಮ್ಮ ಕುರ್ಚಿಯನ್ನು ಜಗಲಿಯ ಅಂಚಿಗೇ ಎಳೆದುಕೊಂಡು ಕೂತಳು.

ಅವನು ಪ್ಲಗ್ಗಿನ ತಂತಿ ತೆಗೆದಿಟ್ಟು ಇಂಜಿನ್ನನ್ನು ಬರಿದೇ ತಿರುಗಿಸಿದ, ಎಣ್ಣೆ ಎಲ್ಲ ಕಡೆ ಏರಲಿ ಎಂದು. ಎಣ್ಣೆಯ ಕೆಂಪು ದೀಪ ಆರಿತು. ತಂತಿ ಹಾಕಿದ. ಅವಳ ಕಡೆ ನೋಡಿದ.

"ನೀವೇ ತಿರುಗಿಸಿ."

ಅವಳು ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಇಂಜಿನ್ ಗೊರ್ ಎಂದು ಕೆಮ್ಮಿ ಸುಮ್ಮನಾಯಿತು. ಮತ್ತೊಮ್ಮೆ ತಿರುಗಿಸಿದಳು. ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಗರ್ಜನೆ. ಶೆಡ್ಡಿನ ತಗಡೆಲ್ಲ ನಡುಗಿತು, ಮೇಜಿನ ಮೇಲಿನ ಸ್ಪ್ಯಾನರುಗಳು ಕುಣಿದವು. ಅವಳು ಸ್ಟೀರಿಂಗ್ ಹಿಡಿದುಕೊಂಡೇ ಕೂಗಿಬಿಟ್ಟಳು, ಏನು ಕೂಗಿದೆನೆಂದು ಅವಳಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿಂದುಗಡೆ ಬಿಳಿ ಹೊಗೆ ಎದ್ದಿತು.

ಅವಳು ಹಾರಿ ಇಳಿದಳು. ನೀಲಿ ಬಕೆಟ್ಟು ಬಾಗಿಲಲ್ಲೇ ತುಂಬಿಕೊಂಡಿತ್ತು. ಎತ್ತಿಯೇಬಿಟ್ಟಿದ್ದಳು, ಆದರೆ ಅವನು ಓಡಿಬಂದು ಬಕೆಟ್ಟಿನ ಹಿಡಿಯನ್ನು ಅವಳ ಕೈ ಸಮೇತ ಹಿಡಿದುಕೊಂಡ.

"ಬೇಡ, ಬೇಡ. ಸೈಲೆನ್ಸರಲ್ಲಿ ಉಳಿದಿದ್ದ ಹಳೇ ನೀರು ಅದು. ಒಣಗ್ತಾ ಇದೆ. ಈಗ ನೋಡಿ."

ಇಬ್ಬರೂ ನೋಡಿದರು. ಹೊಗೆ ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು, ಇಲ್ಲವಾಯಿತು. ಇಂಜಿನ್ನಿನ ಸದ್ದು ಇಳಿದು ಒಂದೇ ಸಮನಾಯಿತು. ಬಕೆಟ್ ಭಾರವಾಗಿತ್ತು, ಆದರೆ ಕೆಳಗಿಡಲು ಇಬ್ಬರಲ್ಲಿ ಯಾರೂ ಮುಂದಾಗಲಿಲ್ಲ.

"ಡಾಕ್ಟ್ರೇ, ಒಂದು ವಿಷಯ ಹೇಳ್ಬೇಕು," ಅಂದ ಅವನು. "ಅವತ್ತು ಗ್ಯಾಸ್ಕೆಟ್ ಹೋಗಿದ್ದು ನಿಮ್ಮ ನೀರಿಂದ ಅಲ್ಲ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಲೇತ್ ಅಂಗಡಿಗೆ ಹೋದ ದಿನದಿಂದ."

ಅವನು ಲೆಕ್ಕ ಹಾಕುವವನ ಹಾಗೆ ಕಣ್ಣು ಕಿರಿದು ಮಾಡಿದ. "ಆಮೇಲೂ ದಿನಾ ಬಂದ್ರಲ್ಲ."

"ಬಂದೆ," ಅಂದಳು ಅವಳು. "ನೀನು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ."

"ಸುಳ್ಳಂತೂ ಹೇಳ್ಲಿಲ್ಲ ನಾನು. ನೀರು ಒಳಗೆ ಸೇರಿದೆ ಅಂದೆ, ಅಷ್ಟೇ." ಅವನು ತಲೆ ತಗ್ಗಿಸಿದ. "ಇನ್ನೊಂದಿದೆ. ಒಂದನೇ ಚೀಟಿ ಮೂಲೆಯಲ್ಲಿರೋದು ನನಗೆ ಎರಡನೇ ಬೋಲ್ಟಿಗೇ ಕಾಣಿಸ್ತು."

"ಕಾಣಿಸಿಯೂ ಅಷ್ಟೂ ಬೋಲ್ಟ್ ಬಿಗಿದ್ಯಾ? ಹೊಸ ಗ್ಯಾಸ್ಕೆಟ್ ಹಾಳಾಗುತ್ತೆ ಅಂತ ಗೊತ್ತಿದ್ದೂ?"

"ಒಂದು ವಾರ ಸಿಗುತ್ತೆ ಅಂತಲೂ ಗೊತ್ತಿತ್ತು." ಅವನು ಈಗ ನೇರ ಅವಳನ್ನೇ ನೋಡುತ್ತಿದ್ದ. "ಆ ವಾರದಲ್ಲಿ ಹೇಳೋಣ ಅಂದ್ಕೊಂಡೆ. ಆಗಲಿಲ್ಲ. ನಿನ್ನನ್ನ ಬಿಟ್ಟು ಹೋಗೋಕೆ ನನಗೆ ಇಷ್ಟ ಇಲ್ಲ. ಇಲ್ಲೇ ಇರೋಣ ಅಂದ್ರೆ ನನ್ನ ಕೆಲಸ ಅಲ್ಲಿ, ನಿನ್ನ ಕ್ಲಿನಿಕ್ ಇಲ್ಲಿ; ಬಾ ಅನ್ನೋಕೆ ನಾನ್ಯಾರು? ಹೀಗೇ ಯೋಚನೆ ಮಾಡ್ತಾ ಮಾಡ್ತಾ ಕಾರೇ ರೆಡಿ ಆಗೋಯ್ತು."

"ಬಾ ಅಂತ ಒಂದು ಸಲ ಕೇಳಿ ನೋಡಬೇಕಿತ್ತು," ಅಂದಳು ಅವಳು. ಬಕೆಟ್ಟಿನ ನೀರು ತುಳುಕಿ ಇಬ್ಬರ ಕಾಲ ಮೇಲೂ ಬಿತ್ತು. "ನನಗೂ ನೀನು ಬೇಕು. ಬೋಲ್ಟ್ ಬಿಗಿಯೋಕಲ್ಲ."

"ಬರ್ತೀಯಾ?"

ಅವಳು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ದನಿ ಬಂತು.

"ಆ ಗುಡ್ಡದ ಮೇಲಿನ ಜನಕ್ಕೆ ಹಲ್ಲಿರಲ್ವಾ?"

ಇಬ್ಬರೂ ತಿರುಗಿದರು. ದೊಡ್ಡಮ್ಮ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟಿದ್ದಳು.

"ಕೇಳ್ತಾ ಇದೀನಿ. ಹಲ್ಲಿದ್ರೆ ನೋವೂ ಇರುತ್ತೆ. ನೋವಿದ್ರೆ ಡಾಕ್ಟ್ರೂ ಬೇಕು. ಇಷ್ಟಕ್ಕೆ ಇಷ್ಟು ದಿನ ಯೋಚನೆ ಮಾಡ್ತಾರಾ? ಆ ಕಾರು ಗೇಟಿನೊಳಗೆ ಬಂದದ್ದೇ ಬಿಳಿ ಹೊಗೆ ಬಿಟ್ಕೊಂಡು. ಅವಳು ಬಕೆಟ್ ಹಿಡಿಯೋಕೆ ಒಂದು ದಿನ ಮೊದಲು. ಕಿಟಕಿಯಿಂದ ನಾನೇ ನೋಡಿದೀನಿ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ, ದೊಡ್ಡಮ್ಮ?"

"ಈ ಕಾರಿನ ಕೆಲಸಕ್ಕೆ ಮೊದಲು ನೀನು ಯಾವತ್ತಾದ್ರೂ ಸಂಜೆ ಹೊತ್ತು ಹಾಡು ಗುನುಗಿದ್ದು ನೋಡಿದ್ನಾ ನಾನು? ಹಾಳಾಗ್ಲಿ, ಗುನುಗ್ತಿದಾಳೆ, ಗುನುಗ್ಲಿ ಅಂತ ಬಿಟ್ಟೆ," ಅಂದಳು ದೊಡ್ಡಮ್ಮ, ಮತ್ತು ಸೆರಗಿನಿಂದ ಕಣ್ಣೊರೆಸಿಕೊಂಡು ಹೊಗೆಯ ಮೇಲೆ ತಪ್ಪು ಹಾಕಿದಳು, ಆದರೆ ಹೊಗೆ ಆಗಲೇ ಇಲ್ಲವಾಗಿತ್ತು.

ಮರುದಿನ ಬೆಳಿಗ್ಗೆ ಅವನು ಗೇಟು ತೆರೆದು ಬರುವಷ್ಟರಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕ್ಲಿನಿಕ್ಕಿನ ಬಾಗಿಲಿಗೆ ಎರಡು ದಿನದ ರಜದ ಬೋರ್ಡು ಬಿದ್ದಿತ್ತು. ಗುಡ್ಡದ ಊರಿನಲ್ಲಿ ಒಂದು ಹಲ್ಲಿನ ಕುರ್ಚಿ ಹಿಡಿಸುವಷ್ಟು ಜಾಗ ಎಲ್ಲಿ ಸಿಗುತ್ತದೆಂದು ನೋಡಿ ಬರಬೇಕಿತ್ತು. ಹಿಂದಿನ ಸೀಟಿನಲ್ಲಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ದೊಡ್ಡಮ್ಮ.

"ಹುಡುಗ ಇರೋ ಊರು ನೋಡದೆ ಹುಡುಗಿ ಕೊಡೋ ಪೈಕಿ ಅಲ್ಲ ನಾವು," ಅಂದಳು ದೊಡ್ಡಮ್ಮ. "ಗಾಡಿ ಬಿಡಪ್ಪ."

ಅವನು ಕೀ ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಅವಳು ಕಿವಿಗೊಟ್ಟು ಕೇಳಿದಳು, ಒಂದೊಂದು ಬೋಲ್ಟೂ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

"ಏನಾದ್ರೂ ಮರೆತಿದೀಯಾ?" ಎಂದು ಅವನು ಕೇಳಿದ.

"ಇಲ್ಲ. ಬಕೆಟ್ ಡಿಕ್ಕಿಯಲ್ಲಿಟ್ಟಿದೀನಿ."

"ಅದ್ಯಾಕೆ? ಈ ಇಂಜಿನ್ ಇನ್ನು ಹೊಗೆ ಹಾಕಲ್ಲ."

"ಇಂಜಿನ್ನಿಗಲ್ಲ," ಅಂದಳು ಅವಳು, ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟು. "ಇನ್ನೊಂದು ಸಲ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರೆ, ನಿನ್ನ ತಲೆ ಮೇಲೆ ಸುರಿಯೋಕೆ."